ಸುಖಪ್ರಸವವೆಂಬ ಮಾತು

ಟಪಾಲು ಕಾಗದಗಳ ಕಾಲದಲ್ಲಿ ತವರುಮನೆಯಿಂದ ಅಳಿಯನ ಮನೆಗೆ ಹೋಗುತ್ತಿದ್ದ ಪತ್ರಗಳಲ್ಲಿ ಒಂದು ವಾಕ್ಯ ಬಹುಮಟ್ಟಿಗೆ ಎಲ್ಲ ಮನೆಗಳಲ್ಲಿಯೂ ಒಂದೇ ತೆರನಾಗಿರುತ್ತಿತ್ತು. ಚಿರಂಜೀವಿ ಸೌಭಾಗ್ಯವತಿಗೆ ಇಂಥ ದಿವಸ ಇಷ್ಟು ಗಂಟೆಗೆ ಸುಖಪ್ರಸವವಾಗಿ ಗಂಡು ಶಿಶು ಜನನವಾಯಿತೆಂದೋ ಹೆಣ್ಣು ಶಿಶು ಜನನವಾಯಿತೆಂದೋ ಬರೆದು, ತಾಯಿ ಮಗು ಕ್ಷೇಮವೆಂದು ಸೇರಿಸಿ, ಕಾಗದದ ಮೂಲೆಗಳಿಗೆ ಅರಿಸಿನ ಹಚ್ಚಿ ಅಂಚೆಗೆ ಹಾಕುತ್ತಿದ್ದರು. ಆ ಪತ್ರವನ್ನು ಬರೆಯುತ್ತಿದ್ದವರು ಸಾಮಾನ್ಯವಾಗಿ ಗಂಡಸರು. ಕೋಣೆಯ ಬಾಗಿಲಿನಾಚೆ ಜಗಲಿಯ ಮೇಲೆ ಕುಳಿತಿದ್ದು, ಒಳಗಿನ ಕೂಗು ನಿಂತು ಮಗುವಿನ ಅಳು ಕೇಳಿದ ಮೇಲೆ ಲೇಖನಿ ಹಿಡಿದವರು. ಹನ್ನೆರಡು ಗಂಟೆಯೋ ಇಪ್ಪತ್ತು ಗಂಟೆಯೋ ಒಂದು ಶರೀರವು ಸಹಿಸಿದುದೆಲ್ಲ ಸುಖಪ್ರಸವವೆಂಬ ಆ ಐದು ಅಕ್ಷರಗಳ ಅಡಿಯಲ್ಲಿ ಸದ್ದಿಲ್ಲದೆ ಮಲಗಿಬಿಡುತ್ತಿತ್ತು. ಅಲ್ಲಿ ಸುಖವೆಂದರೆ ತಾಯಿಯೂ ಉಳಿದಳು, ಮಗುವೂ ಉಳಿಯಿತು ಎಂಬಷ್ಟೇ ಅರ್ಥ. ಸಾವು ಅಷ್ಟು ಹತ್ತಿರದಲ್ಲಿ ಸುಳಿಯುತ್ತಿದ್ದ ಕಾಲದಲ್ಲಿ ಅದಕ್ಕಿಂತ ಮಿಗಿಲಾದ ಸುಖವನ್ನು ಬಯಸುವ ಧೈರ್ಯ ಯಾರಿಗಿದ್ದೀತು?

ಆಡುಮಾತು ಪತ್ರದ ಭಾಷೆಗಿಂತ ಹೆಚ್ಚು ಸತ್ಯವನ್ನು ಉಳಿಸಿಕೊಂಡಿತ್ತು. “ಪಾಪ, ಎರಡು ದಿವಸ ನೋವು ತಿಂದಳು” ಎಂದು ನಮ್ಮ ಹಳೆಯ ಮೈಸೂರಿನ ಕಡೆ ಹೆಂಗಸರು ಹೇಳುವಾಗ, ಆ ತಿನ್ನುವ ಕ್ರಿಯೆಯಲ್ಲಿ ಎಲೆಗೆ ಬಡಿಸಿದ್ದನ್ನು ಬಿಡದೆ ಮುಗಿಸಿ ಏಳಬೇಕೆಂಬ ಒಂದು ಕಟ್ಟಳೆಯೂ ಅಡಗಿದೆ. ತಲೆನೋವಿಗೆ, ಹಲ್ಲುನೋವಿಗೆ, ಸುಟ್ಟ ಗಾಯದ ನೋವಿಗೆ ಮದ್ದು ಕೇಳಿದ ಹೆಣ್ಣುಮಗಳಿಗೆ ಮನೆಯವರು ತಡಮಾಡದೆ ಮದ್ದು ತಂದುಕೊಡುತ್ತಾರೆ. ಆಕೆಯೇ ಹೆರಿಗೆಯ ನೋವಿಗೆ ಮದ್ದುಂಟೇ ಎಂದು ಕೇಳಿದರೆ ಎಲ್ಲರೂ ಒಂದು ಗಳಿಗೆ ಸುಮ್ಮನಾಗಿ ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ. ಆ ಮೌನವನ್ನು ಕುರಿತೇ ನಾನು ಬರೆಯಹೊರಟಿದ್ದೇನೆ, ಏಕೆಂದರೆ ಒಮ್ಮೆ ಆ ಮೌನದಲ್ಲಿ ನಾನೂ ಪಾಲುಗೊಂಡವಳು.

ನನ್ನ ಮಗಳ ಚೊಚ್ಚಲ ಹೆರಿಗೆಯ ರಾತ್ರಿ. ಬೆಳಗಿನ ಜಾವಕ್ಕೆ ಸಣ್ಣಗೆ ಸೊಂಟ ಹಿಡಿದಂತಾಗಿ, ಮಧ್ಯಾಹ್ನಕ್ಕೆ ಜೀರಿಗೆ ಕಷಾಯ ಕುಡಿಸಿದರೂ ನಿಲ್ಲದೆ, ಇದು ಸುಳ್ಳುನೋವಲ್ಲವೆಂದು ಖಚಿತವಾದ ಮೇಲೆ ಆಸ್ಪತ್ರೆಗೆ ಸೇರಿಸಿದ್ದೆವು. ರಾತ್ರಿ ಹನ್ನೊಂದರ ಹೊತ್ತಿಗೆ ನೋವು ಮೂರು ನಿಮಿಷಕ್ಕೊಮ್ಮೆ ಬರತೊಡಗಿತ್ತು. ಆಗ ನರ್ಸಮ್ಮ ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಕಾಗದವನ್ನು ಹಿಡಿದು ಬಂದು, “ಎಪಿಡ್ಯೂರಲ್ ಬೇಕೇನಮ್ಮಾ? ಬೇಕಾದ್ರೆ ಈಗಲೇ ಹೇಳಿ, ಅರಿವಳಿಕೆ ಡಾಕ್ಟರು ಹೊರಡ್ತಾರೆ” ಎಂದರು. ನನ್ನ ಬೀಗಿತ್ತಿಯವರು, ಮಮತೆಯ ಹೆಂಗಸೇ, ಗಾಬರಿಯಿಂದ “ಬೆನ್ನಿಗೆ ಸೂಜಿ ಹಾಕಿಸಿಕೊಂಡ್ರೆ ಜನ್ಮಪೂರ್ತಿ ಬೆನ್ನುನೋವು ಕಣ್ರೀ, ನಾವೆಲ್ಲ ಹೆತ್ತಿಲ್ವೇ?” ಎಂದು ನನ್ನ ಕಡೆ ತಿರುಗಿದರು. ಅಳಿಯ ಕಾಗದವನ್ನು ಮೊದಲಿನಿಂದ ಓದತೊಡಗಿದ. ಮಗಳು ಮಂಚದ ಕಂಬಿಯನ್ನು ಹಿಡಿದುಕೊಂಡಿದ್ದವಳು ತಲೆಯೆತ್ತಿ ನನ್ನನ್ನು ನೋಡಿದಳು. ನನಗೆ ಆ ಸೂಜಿಯ ವಿಷಯ ಏನೂ ತಿಳಿದಿರಲಿಲ್ಲ. ತಿಳಿಯದೆಯೇ, “ಇನ್ನು ಸ್ವಲ್ಪ ಹೊತ್ತು ತಡೆದುಕೋ ಮಗಳೇ” ಎಂದುಬಿಟ್ಟೆ. ನರ್ಸಮ್ಮ ಕಾಗದವನ್ನು ಮಡಿಸಿಕೊಂಡು ಹೋದರು. ಮಗು ಹುಟ್ಟಿದ್ದು ಮರುದಿನ ಬೆಳಿಗ್ಗೆ ಎಂಟಕ್ಕೆ. ಬಾಣಂತನದ ಮೂರನೆಯ ವಾರದಲ್ಲಿ, ಮಗುವಿಗೆ ಹಾಲೂಡಿಸುತ್ತ, ಕೋಪವಿಲ್ಲದ ದನಿಯಲ್ಲಿ ಅವಳು ಕೇಳಿದಳು: “ಅಮ್ಮಾ, ಅವತ್ತು ನರ್ಸು ಕೇಳಿದ್ದು ನನ್ನನ್ನ. ನೀನ್ಯಾಕೆ ಉತ್ತರ ಹೇಳಿದೆ?”

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯೇ ನನ್ನನ್ನು ಓದಲು ಹಚ್ಚಿತು. ಪರಿಚಿತರಾದ ಪ್ರಸೂತಿ ವೈದ್ಯೆಯರನ್ನೂ ಅರಿವಳಿಕೆ ವೈದ್ಯರನ್ನೂ ಪೀಡಿಸಿ ಕೇಳಿಸಿಕೊಳ್ಳುವಂತೆ ಮಾಡಿತು. ಹಾಗೆ ತಿಳಿದುಕೊಂಡುದನ್ನು, ಇನ್ನೊಬ್ಬ ತಾಯಿ ಇನ್ನೊಂದು ಮಂಚದ ಪಕ್ಕದಲ್ಲಿ ನಿಲ್ಲುವ ಮುನ್ನ, ಇಲ್ಲಿ ಹೇಳುತ್ತಿದ್ದೇನೆ.

ಮೊದಲು ನೋವಿನ ಸ್ವರೂಪ. ಹೆರಿಗೆಯ ಬೇನೆ ಒಂದೇ ಬಗೆಯದೆಂದು ಹೊರಗಿನವರಿಗೆ ತೋರಿದರೂ ಅದರಲ್ಲಿ ಎರಡು ಪ್ರಕೃತಿಗಳಿವೆ. ಮೊದಲನೆಯ ಹಂತದಲ್ಲಿ ಗರ್ಭಕೋಶವು ಬಿಗಿದು ಬಿಗಿದು ತನ್ನ ಬಾಯಿಯನ್ನು ತೆರೆದುಕೊಳ್ಳುತ್ತದೆ. ಆ ಬಾಯಿ 10 ಸೆಂಟಿಮೀಟರಿನಷ್ಟು ಅಗಲವಾಗುವ ತನಕ ಈ ಕಾರ್ಯ ಸಾಗಬೇಕು. ಈ ನೋವು ಒಳಾಂಗದ್ದಾದುದರಿಂದ ಇಂಥಲ್ಲಿ ಎಂದು ಬೆರಳಿಟ್ಟು ತೋರಿಸಲು ಬರುವುದಿಲ್ಲ. ಕೆಳಹೊಟ್ಟೆ, ಸೊಂಟ, ತೊಡೆಗಳಲ್ಲಿ ಅಲೆಯಂತೆ ಏರಿ, ಶಿಖರ ಮುಟ್ಟಿ, ಇಳಿದುಹೋಗುತ್ತದೆ. ಅಲೆಗೂ ಅಲೆಗೂ ನಡುವೆ ಒಂದು ವಿರಾಮವಿರುತ್ತದೆ. ಬೆನ್ನಿನ ಕೆಳಭಾಗದ ನರಗಳು ಇದನ್ನು ಬೆನ್ನುಹುರಿಗೆ ಒಯ್ಯುತ್ತವೆ. ಎರಡನೆಯ ಹಂತದಲ್ಲಿ ಮಗುವಿನ ತಲೆ ಕೆಳಗಿಳಿದು ಜನನಮಾರ್ಗವನ್ನೂ ಅದರ ಸುತ್ತಣ ಮಾಂಸವನ್ನೂ ಹಿಗ್ಗಿಸತೊಡಗಿದಾಗ ನೋವು ತೀಕ್ಷ್ಣವಾಗುತ್ತದೆ, ಸ್ಥಾನ ನಿಶ್ಚಿತವಾಗುತ್ತದೆ, ಮುಕ್ಕಬೇಕೆಂಬ ತಡೆಯಲಾಗದ ಒತ್ತಡವೂ ಅದರೊಡನೆ ಕೂಡಿಕೊಳ್ಳುತ್ತದೆ. ಇದನ್ನು ಒಯ್ಯುವ ನರಗಳೇ ಬೇರೆ, ಇನ್ನೂ ಕೆಳಗಿನವು. ಒಂದೇ ಮದ್ದು ಎಲ್ಲ ಹೊತ್ತಿನಲ್ಲಿಯೂ ಒಂದೇ ರೀತಿ ಫಲಿಸದಿರುವುದಕ್ಕೆ ಈ ಭೇದವೂ ಒಂದು ಕಾರಣ. ಭಯ, ಏಕಾಂತ, ಹಸಿವು, ನಿದ್ರೆಗೇಡು ಇವು ನೋವನ್ನು ಹಿಗ್ಗಿಸುತ್ತವೆ. ಬೇನೆ ಬಲಿಯಲೆಂದು ಹಾಕುವ ಡ್ರಿಪ್ಪು ಅಲೆಗಳ ನಡುವಣ ಬಿಡುವನ್ನು ಕಿರಿದುಮಾಡುತ್ತದೆ. ಒಬ್ಬಳು ನಾಲ್ಕು ಗಂಟೆಯಲ್ಲಿ ಹೆತ್ತು ನಗುತ್ತ ಎದ್ದು ಕೂತಳೆಂದು ಇನ್ನೊಬ್ಬಳಿಗೆ ಉದಾಹರಣೆ ಕೊಡುವವರು, ಈ ಇಬ್ಬರು ನಡೆದ ದಾರಿ ಒಂದೇ ಆಗಿರಲಿಲ್ಲವೆಂಬುದನ್ನು ನೆನೆಯಬೇಕು.

ಈ ನೋವಿಗೆ ಮದ್ದು ಕೊಡಬಹುದೇ ಎಂಬ ಪ್ರಶ್ನೆಯನ್ನು ಜಗತ್ತು ಗಟ್ಟಿಯಾಗಿ ಚರ್ಚಿಸಿದ್ದು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ. 1846ರ ಅಕ್ಟೋಬರಿನಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಈಥರ್ ಎಂಬ ದ್ರವದ ಆವಿಯನ್ನು ಮೂಸಿಸಿ ನೋವಿಲ್ಲದೆ ಶಸ್ತ್ರಚಿಕಿತ್ಸೆ ನಡೆಸಬಹುದೆಂದು ಬಹಿರಂಗವಾಗಿ ತೋರಿಸಿದರಷ್ಟೆ. ಮೂರೇ ತಿಂಗಳಲ್ಲಿ, 1847ರ ಜನವರಿಯಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದ ಪ್ರಸೂತಿಶಾಸ್ತ್ರದ ಪ್ರಾಧ್ಯಾಪಕ ಜೇಮ್ಸ್ ಯಂಗ್ ಸಿಂಪ್ಸನ್ ಅದನ್ನು ಹೆರಿಗೆಯಲ್ಲಿ ಬಳಸಿದರು. ಅದೇ ವರ್ಷದ ನವೆಂಬರಿನ ಒಂದು ರಾತ್ರಿ ಸಹಾಯಕರಿಬ್ಬರೊಡನೆ ತಮ್ಮ ಮನೆಯ ಊಟದ ಮೇಜಿನ ಸುತ್ತ ಕುಳಿತು ಕ್ಲೋರೋಫಾರಂ ಅನ್ನು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡು, ಕೆಲವೇ ದಿನಗಳಲ್ಲಿ ಅದನ್ನು ಹೆರುವ ಹೆಂಗಸರಿಗೆ ಕೊಡಲು ಮೊದಲಿಟ್ಟರು. ಈವಳ ಸಂತತಿಯವರು ಸಂಕಟದಲ್ಲಿಯೇ ಹೆರತಕ್ಕದ್ದೆಂದು ಬೈಬಲಿನಲ್ಲಿ ಶಾಪವಿರುವಾಗ ಅದನ್ನು ಮನುಷ್ಯರು ತಪ್ಪಿಸುವುದು ಹೇಗೆ ಧರ್ಮ್ಯವಾದೀತು ಎಂಬ ಆಕ್ಷೇಪಕ್ಕೆ ಸಿಂಪ್ಸನ್ ಅದೇ ವರ್ಷದ ಡಿಸೆಂಬರಿನಲ್ಲಿ ಒಂದು ಕಿರುಹೊತ್ತಗೆಯನ್ನೇ ಬರೆದು ಉತ್ತರ ಕೊಟ್ಟರು. ಅಲ್ಲಿಯ ಹೀಬ್ರೂ ಪದಕ್ಕೆ ವೇದನೆಗಿಂತ ದುಡಿಮೆಯೆಂಬ ಅರ್ಥವೇ ಸಲ್ಲುತ್ತದೆಂದೂ, ಆದಮನ ಪಕ್ಕೆಲುಬನ್ನು ತೆಗೆಯುವ ಮುನ್ನ ದೇವರೇ ಅವನಿಗೆ ಗಾಢನಿದ್ರೆಯನ್ನು ಬರಿಸಿದನಲ್ಲವೇ ಎಂದೂ ಅವರು ವಾದಿಸಿದರು. ಆಕ್ಷೇಪಣೆ ಪಾದ್ರಿಗಳಿಗಷ್ಟೇ ಮೀಸಲಾಗಿರಲಿಲ್ಲ. ಫಿಲಡೆಲ್ಫಿಯಾದ ಚಾರ್ಲ್ಸ್ ಮೀಗ್ಸ್‌ನಂಥ ಹೆಸರಾಂತ ಪ್ರಸೂತಿ ವೈದ್ಯರೇ ಬೇನೆಯು ಪ್ರಕೃತಿಯ ಹಿತಕರವಾದ ವ್ಯವಸ್ಥೆಯೆಂದು ಹೇಳಿ ವಿರೋಧಿಸಿದರು.

ನಮ್ಮಲ್ಲಿ ಅಂಥ ಶಾಪದ ಗ್ರಂಥವಚನವಿಲ್ಲ. ಆದರೂ “ಹೆಣ್ಣಾಗಿ ಹುಟ್ಟಿದ ಮೇಲೆ” ಎಂದು ಅರ್ಧಕ್ಕೇ ನಿಲ್ಲಿಸುವ ಒಂದು ಮಾತುಂಟಲ್ಲ, ಅದು ಎಡಿನ್‌ಬರೋದ ಆಕ್ಷೇಪಣೆಗಳೆಲ್ಲ ಸೇರಿ ಮಾಡಿದಷ್ಟೇ ಕೆಲಸವನ್ನು ಸದ್ದಿಲ್ಲದೆ ಮಾಡುತ್ತ ಬಂದಿದೆಯೆಂದು ನನಗೆ ತೋರುತ್ತದೆ.

ಬ್ರಿಟನ್ನಿನಲ್ಲಿ ಈ ವಾದವು ಬಹುಮಟ್ಟಿಗೆ ತಣ್ಣಗಾದದ್ದು ಒಬ್ಬ ಹೆಂಗಸಿನ ಆಯ್ಕೆಯಿಂದ. 1853ರ ಏಪ್ರಿಲ್ 7ರಂದು ವಿಕ್ಟೋರಿಯಾ ರಾಣಿ ತನ್ನ ಎಂಟನೆಯ ಮಗುವಾದ ಲಿಯೋಪೋಲ್ಡನನ್ನು ಹೆರುವಾಗ ಜಾನ್ ಸ್ನೋ ಎಂಬ ವೈದ್ಯರು ಮಡಿಸಿದ ಕರವಸ್ತ್ರದ ಮೇಲೆ ಒಂದೊಂದು ಬೇನೆಗೂ ಕೊಂಚ ಕೊಂಚವೇ ಕ್ಲೋರೋಫಾರಂ ಹನಿಸಿ 53 ನಿಮಿಷಗಳ ಕಾಲ ಮೂಸಿಸಿದರು. ರಾಣಿಗೆ ಎಚ್ಚರ ತಪ್ಪಲಿಲ್ಲ, ನೋವು ತಗ್ಗಿತು. ಮರುವರ್ಷ ಲಂಡನ್ನಿನ ಕಾಲರಾ ಕಾಯಿಲೆ ಕುಡಿಯುವ ನೀರಿನ ಪಂಪಿನಿಂದ ಹರಡುತ್ತಿದೆಯೆಂದು ಕಂಡುಹಿಡಿದು ಲೋಕಪ್ರಸಿದ್ಧರಾದವರು ಇದೇ ಜಾನ್ ಸ್ನೋ. ರಾಣಿಗೆ ಕ್ಲೋರೋಫಾರಂ ಕೊಟ್ಟ ಸುದ್ದಿ ಕೇಳಿ ಲ್ಯಾನ್ಸೆಟ್ ವೈದ್ಯಪತ್ರಿಕೆ ಆಕ್ಷೇಪಿಸಿತು. 1857ರಲ್ಲಿ ಒಂಬತ್ತನೆಯ ಮಗುವಿನ ವೇಳೆಗೆ ರಾಣಿ ಪುನಃ ಸ್ನೋ ಅವರನ್ನೇ ಕರೆಸಿಕೊಂಡಳು. ನಮ್ಮ ನೆಲಕ್ಕೆ ಸಮೀಪದ ಒಂದು ಪ್ರಸಂಗವನ್ನೂ ಇಲ್ಲಿ ಜ್ಞಾಪಿಸಿಕೊಳ್ಳಬೇಕು: ಬೀದರ, ಕಲಬುರಗಿ, ರಾಯಚೂರುಗಳು ಹೈದರಾಬಾದು ಸಂಸ್ಥಾನದಲ್ಲಿದ್ದ ಆ ದಿನಗಳಲ್ಲಿ, ಕ್ಲೋರೋಫಾರಂನಿಂದ ಸಂಭವಿಸುತ್ತಿದ್ದ ಸಾವುಗಳ ಕಾರಣವನ್ನು ಶೋಧಿಸಲು 1888 ಮತ್ತು 1889ರಲ್ಲಿ ನಿಜಾಮರ ಧನಸಹಾಯದಿಂದ ಎರಡು ಆಯೋಗಗಳು ಹೈದರಾಬಾದಿನಲ್ಲಿ ಕೆಲಸ ಮಾಡಿದವು, ಅಲ್ಲಿಯ ವೈದ್ಯಶಾಲೆಯಲ್ಲಿ ಕಲಿತ ರೂಪಾಬಾಯಿ ಫರ್ದೂನ್‌ಜಿ ಎಂಬಾಕೆ ಜಗತ್ತಿನ ಮೊತ್ತಮೊದಲ ಅರಿವಳಿಕೆ ವೈದ್ಯೆಯರಲ್ಲಿ ಒಬ್ಬರೆಂದು ಹೆಸರಾದರು.

ಮದ್ದು ದೊರೆತ ಮಾತ್ರಕ್ಕೆ ಹೆಂಗಸಿನ ಹಿತ ಸಾಧಿಸಿತೆಂದು ತಿಳಿಯುವಂತಿಲ್ಲವೆಂಬುದಕ್ಕೂ ಇತಿಹಾಸವೇ ಸಾಕ್ಷಿ. 1906ರ ಸುಮಾರಿಗೆ ಜರ್ಮನಿಯ ಫ್ರೈಬುರ್ಗಿನಲ್ಲಿ ಕ್ರೋನಿಗ್ ಮತ್ತು ಗಾಸ್ ಎಂಬ ವೈದ್ಯರು ಮಾರ್ಫೀನ್ ಮತ್ತು ಸ್ಕೋಪೊಲಮೈನ್ ಎಂಬೆರಡು ಮದ್ದುಗಳನ್ನು ಕೂಡಿಸಿ ಕೊಡುವ ಕ್ರಮವೊಂದನ್ನು ರೂಢಿಗೆ ತಂದರು. ಮುಸ್ಸಂಜೆಯ ನಿದ್ರೆಯೆಂದು ಅದಕ್ಕೆ ಹೆಸರಾಯಿತು; 1914ರ ಹೊತ್ತಿಗೆ ಅಮೆರಿಕದ ಹೆಂಗಸರು ಸಂಘ ಕಟ್ಟಿಕೊಂಡು ಇದು ನಮಗೂ ಬೇಕೆಂದು ಚಳವಳಿ ನಡೆಸಿದರು. ಆದರೆ ಆ ಮದ್ದು ಮುಖ್ಯವಾಗಿ ಅಳಿಸಿಹಾಕುತ್ತಿದ್ದುದು ನೋವಿನ ನೆನಪನ್ನು. ಹೆರುವವಳು ಕೂಗುತ್ತಿದ್ದಳು, ಹೊರಳಾಡುತ್ತಿದ್ದಳು, ಪೆಟ್ಟಾಗದಿರಲೆಂದು ಮಂಚಕ್ಕೆ ಮೆತ್ತೆಯ ಕಟಾಂಜನ ಕಟ್ಟಬೇಕಾಗುತ್ತಿತ್ತು. ಎಚ್ಚರವಾದಾಗ ಯಾವುದೂ ನೆನಪಿರುತ್ತಿರಲಿಲ್ಲ, ತನ್ನ ಮಗು ಹುಟ್ಟಿದ ಗಳಿಗೆಯೂ ನೆನಪಿರುತ್ತಿರಲಿಲ್ಲ. ಮದ್ದಿನ ಮಂಪರು ಶಿಶುವಿಗೂ ತಟ್ಟಿ ಉಸಿರಾಟ ಕುಂದುತ್ತಿತ್ತು. ತಾಯಂದಿರಿಗೆ ಕೊಟ್ಟ ಮದ್ದು ಮಗುವನ್ನು ಹೇಗೆ ಮುಟ್ಟುತ್ತದೆಂದು ಕ್ರಮವಾಗಿ ಅಳೆದುನೋಡುವ ಉಪಾಯವನ್ನು ಜಗತ್ತಿಗೆ ಕೊಟ್ಟವರು ವರ್ಜೀನಿಯಾ ಆಪ್ಗರ್ ಎಂಬ ಅರಿವಳಿಕೆ ವೈದ್ಯೆ. ಹುಟ್ಟಿದ ಮಗುವಿನ ಬಣ್ಣ, ನಾಡಿ, ಮುಖಚಲನೆ, ಕೈಕಾಲಿನ ಬಿಗುವು, ಉಸಿರು ಎಂಬ ಐದನ್ನು ನೋಡಿ ಅಂಕ ಹಾಕುವ, 1953ರಲ್ಲಿ ಪ್ರಕಟವಾದ ಅವರ ಕ್ರಮ ಇಂದು ನಮ್ಮ ತಾಲ್ಲೂಕು ಆಸ್ಪತ್ರೆಗಳ ಕೇಸ್ ಶೀಟಿನಲ್ಲಿಯೂ ಇದೆ.

ಇನ್ನೊಂದು ಪಕ್ಷವೂ ಹುಟ್ಟಿಕೊಂಡಿತು. ಇಂಗ್ಲೆಂಡಿನ ಗ್ರ್ಯಾಂಟ್ಲಿ ಡಿಕ್-ರೀಡ್ 1933ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಭಯದಿಂದ ಮೈ ಬಿಗಿಯುತ್ತದೆ, ಬಿಗಿದ ಮೈಯಲ್ಲಿ ನೋವು ಹೆಚ್ಚುತ್ತದೆ, ಹೆಚ್ಚಿದ ನೋವು ಭಯವನ್ನು ಇಮ್ಮಡಿಸುತ್ತದೆ, ಆದಕಾರಣ ಹೆಂಗಸಿಗೆ ಮೊದಲೇ ತಿಳಿವಳಿಕೆ ಕೊಟ್ಟು ಭಯವನ್ನು ನೀಗಿದರೆ ಮದ್ದಿನ ಆವಶ್ಯಕತೆ ಬಹಳ ಕಡಮೆಯಾದೀತೆಂದು ಪ್ರತಿಪಾದಿಸಿದರು. 1950ರ ದಶಕದಲ್ಲಿ ಪ್ಯಾರಿಸಿನ ಫೆರ್ನಾಂಡ್ ಲಮಾಜ್ ಸೋವಿಯತ್ ದೇಶದಲ್ಲಿ ಕಂಡುಬಂದ ಕ್ರಮವನ್ನು ತಂದು ಉಸಿರಾಟದ ಅಭ್ಯಾಸವನ್ನು ಪ್ರಚಾರಮಾಡಿದರು. ಈ ಪಕ್ಷದಲ್ಲಿ ಬಹಳ ಸತ್ಯವುಂಟು. ಆ ಸತ್ಯವನ್ನು ಹಿಡಿದುಕೊಂಡು, ಮದ್ದು ಕೇಳಿದವಳು ಸೋತವಳೆಂದು ನಾಚಿಸತೊಡಗಿದಾಗ ಮಾತ್ರ ಅದು ಹಳೆಯ ಶಾಪದ ಇನ್ನೊಂದು ರೂಪವಾಗುತ್ತದೆ.

ಮದ್ದಿಲ್ಲದ ಉಪಶಮನಗಳ ವಿಷಯದಲ್ಲಿ ನಮ್ಮ ಪ್ರಾಚೀನರ ವಿವೇಕ ನನ್ನನ್ನು ಬೆರಗುಗೊಳಿಸಿದೆ. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಸೂತಿಕಾಗೃಹದ ವರ್ಣನೆಯಿದೆ. ಹೆರುವವಳ ಸುತ್ತ ಇರತಕ್ಕ ಹೆಂಗಸರು ಹಲವು ಬಾರಿ ಹೆತ್ತವರೂ, ಸ್ನೇಹವುಳ್ಳವರೂ, ಕ್ಲೇಶವನ್ನು ಸಹಿಸಬಲ್ಲವರೂ ಆಗಿರಬೇಕೆಂದು ಅಲ್ಲಿ ಹೇಳಿದೆ. ಬೇನೆ ಬಂದವಳ ಕೈಗೆ ಒನಕೆ ಕೊಟ್ಟು ಕುಟ್ಟಿಸಬೇಕೆಂದು ಕೆಲವರ ಮತವಿದ್ದುದನ್ನು ಉಲ್ಲೇಖಿಸಿ, ಅದು ಕೂಡದೆಂದು ಆತ್ರೇಯನು ನಿಷೇಧಿಸುತ್ತಾನೆ. ಅತ್ತಿತ್ತ ನಡೆದಾಡುವುದೂ ಆಕಳಿಸುವುದೂ ಸಾಕೆನ್ನುತ್ತಾನೆ. ಬೇನೆ ಬಾರದಿರುವಾಗ ಮುಕ್ಕಬಾರದೆಂದೂ ಅಲ್ಲಿ ಎಚ್ಚರಿಕೆಯುಂಟು. ಹೆರುವವಳು ಅಂಗಾತ ಮಲಗಿರದೆ ನಡೆದಾಡುತ್ತ, ಕೂರುತ್ತ, ನಿಲ್ಲುತ್ತ ಇದ್ದರೆ ಮೊದಲ ಹಂತ ಒಂದು ಗಂಟೆಗೂ ಮಿಕ್ಕಿ ಕಿರಿದಾಗುತ್ತದೆಂದು ಈ ಶತಮಾನದ ಅಧ್ಯಯನಗಳ ಸಂಕಲನ ಹೇಳುತ್ತದೆ. ಪಾವಗಡದ ಸೀಮೆಯಲ್ಲಿ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿ, 2018ರಲ್ಲಿ ಪದ್ಮಶ್ರೀ ಗೌರವ ಪಡೆದು ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡ ಸೂಲಗಿತ್ತಿ ನರಸಮ್ಮನವರಂಥವರು ಹೆರುವವಳ ಪಕ್ಕವನ್ನು ಬಿಟ್ಟೇಳದೆ ಕೂರುತ್ತಿದ್ದರೆಂಬುದನ್ನು ನಾವು ಕೇವಲ ಭಾವುಕತೆಯಿಂದ ನೆನೆಯಬೇಕಾಗಿಲ್ಲ. ಹೆರಿಗೆಯುದ್ದಕ್ಕೂ ಒಬ್ಬರು ಜೊತೆಗಿದ್ದರೆ ಏನಾಗುತ್ತದೆಂದು 17 ದೇಶಗಳ 15,000ಕ್ಕೂ ಹೆಚ್ಚು ಹೆಂಗಸರನ್ನೊಳಗೊಂಡ 26 ಅಧ್ಯಯನಗಳನ್ನು 2017ರಲ್ಲಿ ಕೂಡಿಸಿ ನೋಡಿದಾಗ, ಜೊತೆಯುಳ್ಳವರಲ್ಲಿ ಸಹಜ ಹೆರಿಗೆ ಹೆಚ್ಚು, ಶಸ್ತ್ರಚಿಕಿತ್ಸೆ ಕಡಮೆ, ನೋವಿನ ಮದ್ದಿನ ಬಳಕೆ ಕಡಮೆ, ಹೆರಿಗೆಯ ಅವಧಿಯೂ ಕಡಮೆಯೆಂದು ಕಂಡುಬಂದಿದೆ. ಬೆಚ್ಚನೆಯ ನೀರಿನ ಸ್ನಾನ, ಅಲೆ ಏರುವಾಗ ಸೊಂಟದ ಕೆಳಭಾಗವನ್ನು ಅಂಗೈಯಿಂದ ಬಲವಾಗಿ ಒತ್ತಿಹಿಡಿಯುವುದು, ಎಣ್ಣೆ ನೀವುವುದು, ನಿಧಾನವಾದ ಉಸಿರು, ಬಾಯಾರಿದಾಗ ಒಂದು ಗುಟುಕು ನೀರು, ಇವೆಲ್ಲ ಸಾಧ್ಯವಾಗುವುದು ಹತ್ತಿರ ಒಬ್ಬರಿದ್ದಾಗ ಮಾತ್ರ.

ಹೀಗಿರುವಾಗ ಸೂಲಗಿತ್ತಿಯ ಕೈಯಿಂದ ಆಸ್ಪತ್ರೆಗೆ ಬರುವ ದಾರಿಯಲ್ಲಿ ಈ ಜೊತೆಯನ್ನು ನಾವು ಕಳೆದುಕೊಂಡೆವು. ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿದ್ದವೆಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಎಷ್ಟು ತಾಯಂದಿರ, ಎಷ್ಟು ಶಿಶುಗಳ ಪ್ರಾಣ ಇದರಿಂದ ಉಳಿದಿದೆಯೆಂಬುದನ್ನು ಬಲ್ಲವರು ಈ ಅಂಕಿಯನ್ನು ಕೃತಜ್ಞತೆಯಿಂದಲೇ ಓದಬೇಕು. ಆದರೆ ಲೇಬರ್ ವಾರ್ಡಿನ ಬಾಗಿಲಲ್ಲಿ ತಾಯಿಯನ್ನೂ ಅತ್ತೆಯನ್ನೂ ಗಂಡನನ್ನೂ ನಿಲ್ಲಿಸಿ, ಒಳಗೆ ಒಬ್ಬಂಟಿಯಾಗಿ ಅಂಗಾತ ಮಲಗಿಸಿ, ಕೂಗಿದರೆ ಗದರಿಸುವ ಪದ್ಧತಿ ಬಹುಕಾಲ ನಡೆದುಬಂತು. ಹೆರುವವಳ ಜೊತೆ ಒಬ್ಬರಿರಲು ಸರ್ಕಾರಿ ಆಸ್ಪತ್ರೆಗಳಲ್ಲಿ ಅವಕಾಶ ಕೊಡಬೇಕೆಂದು ಕೇಂದ್ರ ಸರ್ಕಾರ 2016ರಲ್ಲಿ ತಿಳಿಸಿತು; 2017ರಲ್ಲಿ ಆರಂಭವಾದ ಲಕ್ಷ್ಯ ಎಂಬ ಯೋಜನೆಯಲ್ಲಿಯೂ ಅದು ಸೇರಿದೆ. ಇದನ್ನು ತಿಳಿದು ಕೇಳುವವರು ಹೆಚ್ಚಾದಷ್ಟೂ ಆ ಬಾಗಿಲು ತೆರೆಯುತ್ತದೆ. ನನ್ನ ತಮ್ಮನ ಸೊಸೆ ಯಾವ ಮದ್ದನ್ನೂ ತೆಗೆದುಕೊಳ್ಳದೆ ಹೆರಬೇಕೆಂದು ತಾನೇ ನಿಶ್ಚಯಿಸಿ, ತಿಂಗಳುಗಟ್ಟಲೆ ಉಸಿರಿನ ಅಭ್ಯಾಸ ಮಾಡಿ, ಅಕ್ಕನ ಹೆಗಲ ಮೇಲೆ ತೋಳುಹಾಕಿಕೊಂಡು ವಾರ್ಡಿನ ಉದ್ದಕ್ಕೂ ನಡೆದು ಹೆತ್ತಳು. ಆ ರಾತ್ರಿಯ ವಿಷಯ ಹೇಳುವಾಗ ಅವಳ ಮುಖ ಈಗಲೂ ಬೆಳಗುತ್ತದೆ.

ಇನ್ನು ಮದ್ದುಗಳು. ಮಾಂಸಕ್ಕೆ ಚುಚ್ಚುವ ಪೆಥಿಡೀನ್, ಟ್ರಮಡಾಲ್ ಮುಂತಾದ ಇಂಜೆಕ್ಷನ್ನುಗಳು ಸುಲಭವಾಗಿ ಸಿಗತಕ್ಕವು. ಅವು ನೋವನ್ನು ಕೊಂಚ ಹಿಂದಕ್ಕೆ ಸರಿಸಿ ಮಂಪರು ತರುತ್ತವೆ, ಓಕರಿಕೆಯನ್ನೂ ತರುತ್ತವೆ. ಮಾಸಿನ ಮೂಲಕ ಮಗುವನ್ನು ಮುಟ್ಟುವುದರಿಂದ ಹೆರಿಗೆ ತೀರ ಸಮೀಪಿಸಿದಾಗ ಪೆಥಿಡೀನ್ ಕೊಡಲು ವೈದ್ಯರು ಹಿಂಜರಿಯುತ್ತಾರೆ. ಎಂಟಾನಾಕ್ಸ್ ಎಂಬುದು ನೈಟ್ರಸ್ ಆಕ್ಸೈಡ್ ಮತ್ತು ಆಮ್ಲಜನಕವನ್ನು ಸಮಸಮವಾಗಿ ಬೆರೆಸಿದ ಅನಿಲ. ಮುಖವಾಡವನ್ನು ಹೆರುವವಳೇ ಕೈಯಲ್ಲಿ ಹಿಡಿದು, ಬೇನೆಯ ಅಲೆ ಏಳುತ್ತಿರುವಾಗಲೇ ಉಸಿರೆಳೆದುಕೊಳ್ಳತೊಡಗಿದರೆ ಅಲೆ ಶಿಖರ ಮುಟ್ಟುವ ಹೊತ್ತಿಗೆ ಅದು ಫಲಿಸುತ್ತದೆ. ಬಿಟ್ಟ ಕೆಲವು ನಿಮಿಷಗಳಲ್ಲಿ ಶರೀರದಿಂದ ಹೊರಟುಹೋಗುತ್ತದೆ. ತಲೆ ಹಗುರಾಗಿ ತಿರುಗುವುದುಂಟು, ನೋವು ಪೂರ್ತಿ ಹೋಗುವುದಿಲ್ಲ. ಬ್ರಿಟನ್ನಿನಲ್ಲಿ ಮನೆಮಾತಾದ ಈ ಅನಿಲ ನಮ್ಮಲ್ಲಿ ಕೆಲವೇ ಆಸ್ಪತ್ರೆಗಳಲ್ಲಿದೆ. ಉಪಕರಣ ಸರಳ, ಹಿಡಿತ ಹೆರುವವಳ ಕೈಯಲ್ಲಿಯೇ. ಇದು ಇನ್ನೂ ಹೆಚ್ಚು ಕಡೆ ಬಂದೀತೆಂಬ ಆಸೆ ನನ್ನದು.

ಇವೆಲ್ಲವುಗಳಲ್ಲಿ ಹೆಚ್ಚು ಬಲವುಳ್ಳದ್ದೂ ಹೆಚ್ಚು ಭಯಕ್ಕೆ ಗುರಿಯಾದದ್ದೂ ನಾನು ಆ ರಾತ್ರಿ ತಡೆದ ಎಪಿಡ್ಯೂರಲ್. ಬೆನ್ನುಹುರಿಯನ್ನು ಸುತ್ತುವರಿದ ಪೊರೆಯ ಹೊರಗಡೆ ಒಂದು ಕಿರಿದಾದ ಅವಕಾಶವಿದೆ. ಗರ್ಭಕೋಶದ ವಾರ್ತೆಯನ್ನು ಒಯ್ಯುವ ನರಗಳು ಅದನ್ನು ಹಾದುಹೋಗುತ್ತವೆ. ಹೆರುವವಳನ್ನು ಬೆನ್ನು ಬಾಗಿಸಿ ಕೂರಿಸಿಯೋ ಮಗ್ಗುಲಾಗಿ ಮಲಗಿಸಿಯೋ, ಚರ್ಮವನ್ನು ಮೊದಲು ಮರಗಟ್ಟಿಸಿ, ಸೊಂಟದ ಎಲುಬುಗಳ ನಡುವೆ ಅರಿವಳಿಕೆ ವೈದ್ಯರು ಸೂಜಿಯನ್ನು ಮೆಲ್ಲಗೆ ಸರಿಸುತ್ತಾರೆ. ಸಿರಿಂಜಿನ ಒತ್ತಡಕ್ಕೆ ಅಲ್ಲಿಯ ತನಕ ಇದ್ದ ಪ್ರತಿರೋಧ ತಟಕ್ಕನೆ ಇಲ್ಲವಾಗುವುದೇ ಆ ಅವಕಾಶ ಬಂತೆಂಬುದಕ್ಕೆ ಗುರುತು. ಸೂಜಿಯೊಳಗಿನಿಂದ ದಾರದಷ್ಟು ತೆಳ್ಳಗಿನ ಒಂದು ನಳಿಕೆಯನ್ನು ತೂರಿಸಿ ಸೂಜಿಯನ್ನು ಹೊರಗೆಳೆದುಬಿಡುತ್ತಾರೆ. ಬೆನ್ನಿನಲ್ಲಿ ಉಳಿಯುವುದು ಮೆತ್ತನೆಯ ನಳಿಕೆಯೊಂದೇ, ಸೂಜಿಯಲ್ಲ. ಬುಪಿವಕೇನ್ ಎಂಬ ಮರಗಟ್ಟಿಸುವ ಮದ್ದನ್ನು ಬಹಳ ತೆಳುವಾಗಿಸಿ, ಫೆಂಟನಿಲ್ ಎಂಬ ಇನ್ನೊಂದನ್ನು ಸ್ವಲ್ಪವೇ ಬೆರೆಸಿ, ಅದರ ಮೂಲಕ ಹರಿಸಿದರೆ ಸುಮಾರು ಇಪ್ಪತ್ತು ನಿಮಿಷಗಳಲ್ಲಿ ನೋವು ಇಳಿಯುತ್ತದೆ. ಎಚ್ಚರ ತಪ್ಪುವುದಿಲ್ಲ, ಹೊಟ್ಟೆ ಗಟ್ಟಿಯಾಗುವುದು ತಿಳಿಯುತ್ತದೆ, ಮಗುವಿನ ಮೊದಲ ಅಳುವನ್ನು ತಾಯಿ ಕಿವಿಯಾರೆ ಕೇಳುತ್ತಾಳೆ. ಆಮೇಲೆ ಸಿಸೇರಿಯನ್ ಬೇಕಾಗಿ ಬಂದರೆ ಸಾಮಾನ್ಯವಾಗಿ ಅದೇ ನಳಿಕೆಯ ಮೂಲಕ ಗಾಢವಾದ ಮದ್ದು ಕೊಡಬಹುದು. ಈ ವಿದ್ಯೆಯನ್ನು ಬೆಳೆಸಿದವರಲ್ಲಿ ಒಬ್ಬರಾದ ಅಮೆರಿಕದ ಜಾನ್ ಬೊನಿಕಾ, 1943ರಲ್ಲಿ ತಮ್ಮ ಹೆಂಡತಿಯ ಹೆರಿಗೆಯಲ್ಲಿ ಈಥರ್ ಮೂಸಿಸಿದಾಗ ಆಕೆ ವಾಂತಿಯಿಂದ ಉಸಿರುಕಟ್ಟಿ ಸಾವಿನ ಅಂಚಿಗೆ ಹೋದುದನ್ನು ಕಣ್ಣಾರೆ ಕಂಡು, ಎಚ್ಚರ ತಪ್ಪಿಸದೆ ನೋವು ನೀಗುವ ದಾರಿಗಾಗಿ ಬಾಳನ್ನೇ ಮುಡಿಪಿಟ್ಟವರು.

ಭಯಗಳ ಮಾತಿಗೆ ಬರೋಣ. ನನ್ನ ಬೀಗಿತ್ತಿಯವರ ಬೆನ್ನುನೋವಿನ ಅಂಜಿಕೆ ನಾಡಿನ ತುಂಬ ಇರುವಂಥದು. ಸೂಜಿ ಹೋದ ಜಾಗ ಕೆಲವು ದಿನ ನೋಯಬಹುದಾದರೂ ದೀರ್ಘಕಾಲದ ಬೆನ್ನುನೋವು ಎಪಿಡ್ಯೂರಲ್ ಪಡೆದವರಲ್ಲಿಯೂ ಪಡೆಯದವರಲ್ಲಿಯೂ ಸಮನಾಗಿಯೇ ಕಂಡಿದೆ. ಬಸಿರು, ಹೆರಿಗೆ, ಮಗುವನ್ನೆತ್ತಿಕೊಳ್ಳುವುದು ಇವುಗಳೇ ಬೆನ್ನು ನೋಯಿಸಲು ಸಾಕಾದಷ್ಟು ಕಾರಣಗಳು. ಸೂಜಿ ಹಾಕಿಸಿಕೊಂಡರೆ ಸಿಸೇರಿಯನ್ ಗ್ಯಾರಂಟಿ ಎಂಬುದು ಎರಡನೆಯ ಅಂಜಿಕೆ. 11,000ಕ್ಕೂ ಹೆಚ್ಚು ಹೆಂಗಸರ ವಿವರಗಳನ್ನು ಕೂಡಿಸಿದ 2018ರ ಕಾಕ್ರೇನ್ ಸಂಸ್ಥೆಯ ಪರಾಮರ್ಶೆ ಅದನ್ನು ಸಮರ್ಥಿಸುವುದಿಲ್ಲ. ಎರಡನೆಯ ಹಂತ ಕೊಂಚ ಉದ್ದವಾಗುವುದು ನಿಜ. ಹಿಂದಿನ ಗಾಢವಾದ ಮದ್ದುಗಳ ಕಾಲದಲ್ಲಿ ಇಕ್ಕಳ ಅಥವಾ ವ್ಯಾಕ್ಯೂಮ್ ಹಾಕಿ ತೆಗೆಯುವುದು ಹೆಚ್ಚುತ್ತಿದ್ದುದೂ ನಿಜ, ಈಚಿನ ತೆಳುವಾದ ಮದ್ದುಗಳಲ್ಲಿ ಆ ವ್ಯತ್ಯಾಸ ಕಾಣಬಂದಿಲ್ಲ. ಕಷ್ಟಗಳೇ ಇಲ್ಲವೆಂದು ಹೇಳಿದರೆ ನಾನೂ ಸುಖಪ್ರಸವದ ಪತ್ರ ಬರೆದಂತಾದೀತು. ರಕ್ತದೊತ್ತಡ ಇಳಿಯಬಹುದು, ಮೈ ತುರಿಸಬಹುದು, ನಡುಕವೋ ಜ್ವರವೋ ಬರಬಹುದು, ಕಾಲು ಭಾರವಾಗಬಹುದು, ಮೂತ್ರ ಕಟ್ಟಿ ನಳಿಕೆ ಹಾಕಬೇಕಾಗಬಹುದು. ಬ್ರಿಟನ್ನಿನ ಅರಿವಳಿಕೆ ವೈದ್ಯರು ತಾಯಂದಿರಿಗೆ ಕೊಡುವ ತಿಳಿವಳಿಕೆಯ ಪ್ರಕಾರ ಸುಮಾರು 8 ಮಂದಿಯಲ್ಲಿ ಒಬ್ಬರಿಗೆ ನೋವು ಸಾಕಷ್ಟು ತಗ್ಗದೆ ಬೇರೆ ಉಪಾಯ ಬೇಕಾಗುತ್ತದೆ. ಸುಮಾರು 100ರಲ್ಲಿ ಒಬ್ಬರಿಗೆ ಸೂಜಿ ಒಳಪೊರೆಯನ್ನು ಚುಚ್ಚಿ, ಕೂತರೆ ಹೆಚ್ಚಾಗುವ ತೀವ್ರ ತಲೆನೋವು ಕೆಲವು ದಿನ ಕಾಡುತ್ತದೆ, ಅದಕ್ಕೂ ಚಿಕಿತ್ಸೆಯಿದೆ. ಆರು ತಿಂಗಳಿಗೂ ಹೆಚ್ಚು ಕಾಲ ಉಳಿಯುವ ನರಹಾನಿ ಸುಮಾರು 13,000ಕ್ಕೆ ಒಬ್ಬರಲ್ಲಿ. ರಕ್ತ ಹೆಪ್ಪುಗಟ್ಟುವುದರಲ್ಲಿ ದೋಷವಿದ್ದವರಿಗೆ, ಬೆನ್ನಿನ ಚರ್ಮದಲ್ಲಿ ಸೋಂಕಿದ್ದವರಿಗೆ ಇದನ್ನು ಕೊಡುವಂತಿಲ್ಲ. ಇದನ್ನೆಲ್ಲ ಕೇಳಿದ ಮೇಲೆ ಒಬ್ಬಳು ಬೇಕೆನ್ನಬಹುದು, ಇನ್ನೊಬ್ಬಳು ಬೇಡವೆನ್ನಬಹುದು; ಎರಡೂ ವಿವೇಕದ ಉತ್ತರಗಳೇ. ಆರೋಗ್ಯವಂತಳಾದ ಹೆಂಗಸು ಕೇಳಿದಲ್ಲಿ ಅವಳ ಇಚ್ಛೆಗನುಸಾರವಾಗಿ ಎಪಿಡ್ಯೂರಲನ್ನಾಗಲಿ ಇಂಜೆಕ್ಷನನ್ನಾಗಲಿ ಕೊಡಬಹುದೆಂದೂ, ಉಸಿರಾಟ, ನೀವುವಿಕೆ ಮೊದಲಾದುವನ್ನು ಒದಗಿಸಬಹುದೆಂದೂ ವಿಶ್ವ ಆರೋಗ್ಯ ಸಂಸ್ಥೆ 2018ರ ಶಿಫಾರಸುಗಳಲ್ಲಿ ಹೇಳಿದೆ.

ಆದರೆ ಆಯ್ಕೆಯೆಂಬುದು ಎದುರಿಗೆ ಎರಡು ವಸ್ತುಗಳಿದ್ದಾಗ ಮಾತ್ರ ಸಾರ್ಥಕವಾದ ಮಾತು. ಎಪಿಡ್ಯೂರಲಿಗೆ ಅರಿವಳಿಕೆ ವೈದ್ಯರು ಹಗಲೂ ರಾತ್ರಿ ಬೇಕು, ತಾಯಿಯ ರಕ್ತದೊತ್ತಡವನ್ನೂ ಮಗುವಿನ ಎದೆಬಡಿತವನ್ನೂ ಬಿಡದೆ ನೋಡುವ ನರ್ಸುಗಳು ಬೇಕು. ಆದುದರಿಂದ ಅದು ನಗರಗಳ ದೊಡ್ಡ ಆಸ್ಪತ್ರೆಗಳಲ್ಲಿಯೇ ಹೆಚ್ಚಾಗಿ ನಿಂತುಕೊಂಡಿದೆ, ಖಾಸಗಿ ಆಸ್ಪತ್ರೆಗಳಲ್ಲಿ ಬಿಲ್ಲಿಗೆ ಪ್ರತ್ಯೇಕವಾಗಿ ಸೇರುತ್ತದೆ. ನೋವನ್ನು ತಗ್ಗಿಸುವ ದಾರಿ ಕಾಣದ ಕೆಲವು ಹೆಂಗಸರು ಭಯದಿಂದಲೇ ಸಿಸೇರಿಯನ್ ಕೇಳಿಕೊಳ್ಳುತ್ತಾರೆಂದು ವೈದ್ಯೆಯರು ನನಗೆ ಹೇಳಿದ್ದಾರೆ. ಆಗಲೇ ಹೇಳಿದ 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 31.5 ಹೆರಿಗೆಗಳು ಸಿಸೇರಿಯನ್ನಿನಿಂದ ಆಗುತ್ತಿದ್ದವು. ಅದಕ್ಕೆ ಕಾರಣಗಳು ಹಲವು, ಈ ಭಯವೂ ಅವುಗಳಲ್ಲಿ ಒಂದಾಗಿದ್ದರೆ ಅದು ದುಃಖದ ಸಂಗತಿ, ಏಕೆಂದರೆ ಹೊಟ್ಟೆ ಕೊಯ್ದ ನೋವು ಹೆರಿಗೆಯ ಆಚೆಗೆ ವಾರಗಟ್ಟಲೆ ಉಳಿಯುತ್ತದೆ.

ಈ ವಿಷಯವನ್ನು ಮಾತಾಡತಕ್ಕ ಕಾಲ ಏಳನೆಯ ತಿಂಗಳು. ಸೀಮಂತಕ್ಕೆ ಸೀರೆ ಆರಿಸುವ ದಿನಗಳಲ್ಲಿಯೇ ತಾಯಿ ಕಾರ್ಡನ್ನು ಹಿಡಿದುಕೊಂಡು ಹೋಗಿ ಕೇಳಬೇಕು: ಇಲ್ಲಿ ನೋವಿಗೆ ಏನೇನು ಕೊಡುತ್ತೀರಿ, ರಾತ್ರಿಯಲ್ಲಿಯೂ ಅರಿವಳಿಕೆ ವೈದ್ಯರು ಇರುತ್ತಾರೆಯೇ, ಎಷ್ಟು ಖರ್ಚು, ಜೊತೆಗೊಬ್ಬರನ್ನು ಬಿಡುತ್ತೀರಾ, ಬೇನೆಯ ಹೊತ್ತಿನಲ್ಲಿ ನಡೆದಾಡಬಹುದೇ, ಮೊದಲು ಬೇಡವೆಂದವಳು ನಡುವೆ ಬೇಕೆನ್ನಬಹುದೇ? ಕೊನೆಯ ಪ್ರಶ್ನೆಗೆ ಹೌದೆಂಬ ಉತ್ತರ ಸಿಗುವುದು ಮುಖ್ಯ. ಬೇನೆಯನ್ನು ಎಂದೂ ಕಾಣದವಳು ಅದನ್ನು ಕುರಿತು ಮಾಡಿದ ನಿಶ್ಚಯ ಬೇನೆ ಬಂದಾಗ ಬದಲಾಗುವುದು ಸಹಜ. ಮದ್ದು ಬೇಕೆಂದಿದ್ದವಳು ಇಷ್ಟೇನಾ, ನಾನು ತಡೆಯಬಲ್ಲೆನೆನ್ನಬಹುದು, ಬೇಡವೆಂದಿದ್ದವಳು ಆರು ಗಂಟೆಯ ಮೇಲೆ ಕೈಮುಗಿದು ಕೇಳಬಹುದು. ಕೈಮುಗಿಯುವ ಸ್ಥಿತಿಗೆ ಅವಳನ್ನು ತರದಿರುವುದೇ ಪಕ್ಕದಲ್ಲಿರುವವರ ಕರ್ತವ್ಯ.

ಮೂರು ವರ್ಷದ ಮೇಲೆ ನನ್ನ ಮಗಳು ಎರಡನೆಯ ಬಾರಿ ಬಸುರಿಯಾದಾಗ ಈ ಪ್ರಶ್ನೆಗಳನ್ನೆಲ್ಲ ಅವಳೇ ಒಂದು ಹಾಳೆಯ ಮೇಲೆ ಕನ್ನಡದಲ್ಲಿ ಬರೆದುಕೊಂಡು ಹೋಗಿ ಕೇಳಿದಳು. ಉತ್ತರಗಳನ್ನು ಅಲ್ಲಿಯೇ ಗುರುತುಹಾಕಿಕೊಂಡು ಹಾಳೆಯನ್ನು ಫೈಲಿನೊಳಗಿಟ್ಟಳು. ಮೊದಲು ನಡೆದಾಡುತ್ತೇನೆ, ಸೂಜಿ ಬೇಕೆನ್ನಿಸಿದಾಗ ಹೇಳುತ್ತೇನೆ ಎಂಬುದು ಅವಳ ನಿಶ್ಚಯವಾಗಿತ್ತು. ಮಳೆಗಾಲದ ಒಂದು ರಾತ್ರಿ ಒಂದೂವರೆಯ ತನಕ ನನ್ನ ತೋಳು ಹಿಡಿದು ಕಾರಿಡಾರಿನಲ್ಲಿ ನಡೆದಳು. ಆಮೇಲೆ ಗೋಡೆಗೆ ಹಣೆಯಿಟ್ಟು ನಿಂತುಬಿಟ್ಟಳು. ಈ ಸಲದ್ದು ಬೇರೆ ಆಸ್ಪತ್ರೆ, ಬೇರೆ ನರ್ಸು; ನಾನು ಹೋಗಿ ಅವರನ್ನು ಕರೆದೆ. ಆಕೆ ಬಂದು, ವಯಸ್ಸಾದವಳೆಂಬ ಗೌರವದಿಂದ ನನ್ನನ್ನೇ ನೋಡಿ, “ಏನಮ್ಮಾ, ಹಾಕಿಸೋದಾ?” ಎಂದರು. ನಾನು ಮಗಳ ಕಡೆಗೆ ಕೈತೋರಿಸಿದೆ. “ಹಾಕಿ” ಎಂದಳು. ಬೆನ್ನು ಬಾಗಿಸಿ ಕುಳಿತವಳ ಎರಡು ಭುಜಗಳನ್ನೂ ಹಿಡಿದುಕೊಂಡು ಎದುರಿಗೆ ನಿಂತಿದ್ದೆ. ಅವಳ ಹಣೆ ನನ್ನ ಎದೆಗೆ ಒತ್ತಿಕೊಂಡಿತ್ತು. ಎರಡು ಗಂಟೆ ಹತ್ತು ನಿಮಿಷಕ್ಕೆ ಅವಳಿಗೆ ನಿದ್ರೆ ಹತ್ತಿತು. ಪಕ್ಕದ ಯಂತ್ರದಿಂದ ಹೊರಬರುತ್ತಿದ್ದ ಕಾಗದದ ಮೇಲೆ ಬೇನೆಯ ಅಲೆಗಳು ಒಂದಾದ ಮೇಲೊಂದು ಏರಿ ಇಳಿಯುತ್ತಿದ್ದವು. ಮಗುವಿನ ಎದೆಯ ಬಡಿತ ಕುದುರೆಯ ಓಟದಂತೆ ಕೇಳುತ್ತಿತ್ತು. ನಾನು ಅದನ್ನು ಕೇಳುತ್ತ, ಅವಳ ಕೆದರಿದ ಕೂದಲನ್ನು ಹಿಂದಕ್ಕೆ ಸರಿಸುತ್ತ, ಬೆಳಕು ಹರಿಯುವ ತನಕ ಕುಳಿತಿದ್ದೆ.